ಬೆರಕೆ ರೇಡಿಯೊಗ್ರಾಂ ಪರವಾಗಿ

ಹಳೆಯ ರೇಡಿಯೊ ಮಾರುವವರ ಬಾಯಲ್ಲಿ ಒಂದು ಮಾತು ತಪ್ಪದೆ ಬರುತ್ತದೆ: "ಎಲ್ಲಾ ಒರಿಜಿನಲ್ ಮೇಡಂ, ಯಾರೂ ಕೈ ಹಾಕಿಲ್ಲ." ಈ ಮಾತು ಕಿವಿಗೆ ಬಿದ್ದ ಕೂಡಲೇ ನಾನು ಸ್ಕ್ರೂಡ್ರೈವರ್ ಕೇಳುತ್ತೇನೆ. ಹತ್ತಿಪ್ಪತ್ತು ವರ್ಷ ಒಂದು ಮನೆಯಲ್ಲಿ ಹಾಡಿದ ವಾಲ್ವ್ ಸೆಟ್ಟು ಮೆಕ್ಯಾನಿಕ್ಕಿನ ಬೆಂಚು ಹತ್ತದೆ ಇರುವುದು ಸಾಧ್ಯವೇ ಇಲ್ಲ. ವಾಲ್ವ್ ಸೋಲುತ್ತದೆ, ಮೇಣದ ಕಂಡೆನ್ಸರ್ ಲೀಕ್ ಆಗುತ್ತದೆ, ಡಯಲ್ ದಾರ ತುಂಡಾಗುತ್ತದೆ, ಇಲಿ ಬಂದು ಸ್ಪೀಕರಿನ ಕಾಗದ ಕಡಿಯುತ್ತದೆ. ಕೈಯೇ ಹಾಕಿಲ್ಲ ಎನ್ನುವವರಿಗೆ ಒಂದೋ ಒಳಗೇನಿದೆ ಎಂದು ಗೊತ್ತಿಲ್ಲ, ಇಲ್ಲವೇ ಗೊತ್ತಿದ್ದೇ ಹಾಗೆ ಹೇಳುತ್ತಿದ್ದಾರೆ.

ಈಗ ಈ ಪೆಟ್ಟಿಗೆಗಳಿಗೆ ಬೆಲೆ ಬಂದಿದೆ. ಹೋಂಸ್ಟೇಗಳ ಹಜಾರದಲ್ಲಿ, ಹೋಟೆಲುಗಳ ಲಾಬಿಯಲ್ಲಿ, ಬೆಂಗಳೂರಿನ ಅಪಾರ್ಟ್‌ಮೆಂಟುಗಳ ಮೂಲೆಯಲ್ಲಿ ಒಂದೊಂದು ಇರಬೇಕು ಎನ್ನುವ ಹುಕಿ ಹುಟ್ಟಿದೆ. ಬೆಲೆ ಬಂದ ಕಡೆಗೆ ನಕಲಿಯೂ ಬಂದೇ ಬರುತ್ತದೆ. ಹೊಸದಾಗಿ ಮಾಡಿದ ಹಿತ್ತಾಳೆ ಕೊಂಬಿನ ಗ್ರಾಮಫೋನಿಗೆ ನಾಯಿಯ ಚಿತ್ರ ಅಂಟಿಸಿ, ನೂರು ವರ್ಷ ಹಳೆಯದು ಎಂದು ಪ್ರವಾಸಿಗರ ತಲೆಗೆ ಕಟ್ಟುವ ದಂಧೆ ಎಂದಿನಿಂದಲೋ ಇದೆ. ಅದೇ ಬುದ್ಧಿ ಈಗ ರೇಡಿಯೊ, ರೆಕಾರ್ಡ್ ಚೇಂಜರ್ ಎರಡೂ ಒಂದೇ ಪೆಟ್ಟಿಗೆಯಲ್ಲಿರುವ ರೇಡಿಯೊಗ್ರಾಂಗೂ ಹರಡಿದೆ. ಒಂದರ ಪೆಟ್ಟಿಗೆಯಲ್ಲಿ ಇನ್ನೊಂದರ ಚಾಸಿಸ್, ಅಂದರೆ ಒಳಗಿನ ಯಂತ್ರ, ಕೂರಿಸಿದ ಬೆರಕೆ ಸೆಟ್ಟಿನ ಬಗ್ಗೆ ನನಗೆ ತಕರಾರಿಲ್ಲ; ನನ್ನ ಕೈಗೆ ಬರುವವು ಹೆಚ್ಚಾಗಿ ಅಂಥವೇ. ಬೆರಕೆಯನ್ನು ಮುಚ್ಚಿಟ್ಟು ಒರಿಜಿನಲ್ ಎಂದು ಮಾರುವುದು, ರಿಪೇರಿಯ ಹೆಸರಿನಲ್ಲಿ ಅದರ ಗುರುತನ್ನೇ ಅಳಿಸಿಹಾಕುವುದು, ಇವೆರಡನ್ನು ಮಾತ್ರ ಒಪ್ಪಲಾರೆ.

ನಮ್ಮ ತಂದೆ ತಿಪಟೂರಿನಲ್ಲಿ ರೇಡಿಯೊ ರಿಪೇರಿ ಅಂಗಡಿ ಇಟ್ಟಿದ್ದರು. ನಾನು ಬ್ಯಾಂಕಿನ ಕೆಲಸಕ್ಕೆ ಸೇರಿ ಊರೂರು ತಿರುಗಿದೆ. ನಿವೃತ್ತಿಯಾದ ಮೇಲೆ ಅವರ ಆವೋಮೀಟರು, ಸೋಲ್ಡರಿಂಗ್ ಕಡ್ಡಿ, ಡಬ್ಬಿಗಳಲ್ಲಿ ತುಂಬಿಟ್ಟ ರೆಸಿಸ್ಟರುಗಳು ನನ್ನ ಪಾಲಿಗೆ ಬಂದವು. ಅಂದಿನಿಂದ ನೆಂಟರಿಷ್ಟರ ಹಳೆಯ ರೇಡಿಯೊಗಳಿಗೆ ನಮ್ಮ ಮನೆಯೇ ಆಸ್ಪತ್ರೆ. ಹೋದ ಮಳೆಗಾಲದಲ್ಲಿ ಅಕ್ಕನ ಮಗ ಸಕಲೇಶಪುರದ ತನ್ನ ಹೋಂಸ್ಟೇಗೆಂದು ಕೊಂಡ ರೇಡಿಯೊಗ್ರಾಂ ಒಂದನ್ನು ಟೆಂಪೊದಲ್ಲಿ ಹೇರಿಕೊಂಡು ಬಂದ. "ಚಿಕ್ಕಮ್ಮ, ಒಳಗಿರೋದೆಲ್ಲ ಕಿತ್ತು ಬಿಸಾಕಿ ಒಂದು ಬ್ಲೂಟೂತ್ ಹಾಕ್ಕೊಡಿ ಸಾಕು. ಹೊರಗಡೆ ಒರಿಜಿನಲ್ ಇದೆಯಲ್ಲ."

ಹೊರಗೆ ಇದ್ದದ್ದು ಇಷ್ಟು: ಸೊಂಟದೆತ್ತರದ ಪೆಟ್ಟಿಗೆ, ಬೀಟೆಯ ವೆನೀರು, ಮೇಲೆ ಮುಚ್ಚಳ. ಮುಚ್ಚಳ ಎತ್ತಿದರೆ ಎಡಕ್ಕೆ ರೇಡಿಯೊ, ಬಲಕ್ಕೆ ರೆಕಾರ್ಡ್ ಚೇಂಜರ್, ಕೆಳಗೆ ಸ್ಪೀಕರಿನ ಬಟ್ಟೆ. ಬಟ್ಟೆ ಹೊಸದು. ಅದರ ಮೇಲೆ ಹೆಸರಾಂತ ವಿದೇಶಿ ಕಂಪನಿಯೊಂದರ ಬ್ಯಾಡ್ಜು ಥಳಥಳ ಹೊಳೆಯುತ್ತಿತ್ತು. ಆ ಬ್ಯಾಡ್ಜನ್ನು ನಂಬಿ ಹುಡುಗ ಅರವತ್ತು ಸಾವಿರ ಕೊಟ್ಟಿದ್ದ.

ಸೆಟ್ಟು ಯಾವುದು ಎಂದು ತಿಳಿಯಲು ಬ್ಯಾಡ್ಜು ಕೊನೆಯ ಸಾಕ್ಷಿ. ಅದನ್ನು ಯಾರು ಬೇಕಾದರೂ ಎರಡು ಮೊಳೆ ಹೊಡೆದು ಕೂರಿಸಬಹುದು. ನಾನು ಮೊದಲು ನೋಡುವುದು ತೂತುಗಳನ್ನು. ಪೆಟ್ಟಿಗೆ ಮಾಡಿದ ಕಾರ್ಖಾನೆ ತನ್ನ ಚಾಸಿಸ್ಸಿನ ಗುಬುಟುಗಳು ಎಲ್ಲಿ ಬರುತ್ತವೋ ಅಲ್ಲೇ ತೂತು ಕೊರೆದಿರುತ್ತದೆ. ಇಲ್ಲಿ ನಾಲ್ಕು ಗುಬುಟುಗಳ ಪಕ್ಕದಲ್ಲೇ, ಅರ್ಧ ಅಂಗುಲ ಆಚೆಗೆ, ಮರದ ಬಿರಡೆ ಬಡಿದು ಮುಚ್ಚಿದ ಹಳೆಯ ತೂತುಗಳಿದ್ದವು. ಮೇಲೆ ಪಾಲಿಷ್ ಬಳಿದಿದ್ದರೂ ಟಾರ್ಚನ್ನು ಓರೆಯಾಗಿ ಹಿಡಿದಾಗ ದುಂಡಗೆ ಕಾಣಿಸಿಕೊಂಡವು. ಡಯಲ್ ಕಿಟಕಿ ಗಾಜಿಗಿಂತ ಅಗಲವಾಗಿತ್ತು, ಎರಡೂ ಬದಿಗೆ ತೇಗದ ಪಟ್ಟಿ ಕೂರಿಸಿ ಸರಿಹೊಂದಿಸಿದ್ದರು. ಒಳಗಿನ ಹಲಗೆಯ ಮೇಲೆ ಧೂಳು ಕಾಣದ ಒಂದು ಚೌಕ ಉಳಿದಿತ್ತು. ಅಲ್ಲಿ ಕುಳಿತಿದ್ದ ಮೊದಲ ಚಾಸಿಸ್ ಈಗಿನದಕ್ಕಿಂತ ಉದ್ದ. ಪಕ್ಕದ ಗೋಡೆಗೆ ಅಂಟಿಸಿದ್ದ ಕಾಗದ ಅರ್ಧ ಹರಿದಿತ್ತು. ವಾಲ್ವುಗಳ ಜಾಗ ತೋರಿಸುವ ದುಂಡು ಗುರುತುಗಳ ಆ ನಕ್ಷೆ ಚಾಸಿಸ್ಸಿನ ಸಾಲಿಗೆ ತಾಳೆಯಾಗಲಿಲ್ಲ. ಚೇಂಜರ್ ಕೂರುವ ಹಲಗೆಯನ್ನೂ ಗರಗಸದಿಂದ ದೊಡ್ಡದು ಮಾಡಿದ್ದರು. ಈಗಿರುವುದು 16, 33, 45, 78 ನಾಲ್ಕೂ ವೇಗಗಳ ಯಂತ್ರ. ಎಲ್‌ಪಿ ತಟ್ಟೆ ಅಮೆರಿಕದಲ್ಲಿ ಹೊರಬಂದದ್ದು 1948ರಲ್ಲಿ, 45ರದ್ದು ಮರುವರ್ಷ. ಅದಕ್ಕೂ ಹಿಂದಿನ ಪೆಟ್ಟಿಗೆಗಳಿಗೆ 78 ಒಂದೇ ಸಾಕಿತ್ತು. ಗರಗಸದ ಗುರುತು ಹೇಳುವ ಪ್ರಕಾರ ಈ ಪೆಟ್ಟಿಗೆ ಆ ಕಾಲದ್ದಿರಬೇಕು. (ನಮ್ಮ ದೇಶದಲ್ಲಿ 78ರ ತಟ್ಟೆ ಬೇಗ ಸಾಯಲಿಲ್ಲ. ಬೀಟಲ್ಸ್‌ನವರ ಹಾಡುಗಳು ಕೂಡ ಭಾರತದಲ್ಲಿ 78ರಲ್ಲಿ ಅಚ್ಚಾಗಿದ್ದವು. ಅವಕ್ಕೆ ಈಗ ವಿದೇಶದಲ್ಲಿ ಕಣ್ಣು ಬಿಡುವಂಥ ಬೆಲೆ.)

ಆಮೇಲೆ ಗಾಜು. ಡಯಲ್ ಗಾಜಿನಷ್ಟು ಮಾತಾಡುವ ಭಾಗ ರೇಡಿಯೊದಲ್ಲಿ ಇನ್ನೊಂದಿಲ್ಲ. ಯುರೋಪಿನ ಮನೆಗಳಿಗೆಂದು ಮಾಡಿದ ಸೆಟ್ಟಾದರೆ ಸಾವಿರದಿಂದ ಎರಡು ಸಾವಿರ ಮೀಟರಿನ ಲಾಂಗ್ ವೇವ್ ಪಟ್ಟಿ ಇರುತ್ತದೆ. ನಮ್ಮಲ್ಲಿ ಲಾಂಗ್ ವೇವ್ ಪ್ರಸಾರ ಇರಲಿಲ್ಲವಾದ್ದರಿಂದ ಇಲ್ಲಿಗೆಂದು ಮಾಡಿದವುಗಳಲ್ಲಿ ಆ ಜಾಗಕ್ಕೆ ಇನ್ನೊಂದು ಶಾರ್ಟ್ ವೇವ್ ಬರುತ್ತಿತ್ತು. ಬಿಸಿಲು ನಾಡುಗಳ 60 ಮತ್ತು 90 ಮೀಟರಿನ ಬ್ಯಾಂಡುಗಳೂ ಕಾಣಿಸುತ್ತವೆ. ಜರ್ಮನಿಯಿಂದ ಬಂದ ಸೆಟ್ಟಾದರೆ ಎಫ್‌ಎಂ ಕೂಡ ಇರಬಹುದು, ಆದರೆ ಹಳೆಯವು 100 ಮೆಗಾಹರ್ಟ್ಜ್‌ಗೇ ನಿಂತುಬಿಡುತ್ತವೆ. ಬೆಂಗಳೂರಿನ 101.3 ಅದರಲ್ಲಿ ಸಿಗದು. ನನ್ನ ಮುಂದಿದ್ದ ಗಾಜಿನಲ್ಲಿ ಲಾಂಗ್ ವೇವ್ ಇರಲಿಲ್ಲ. ಡೆಲ್ಲಿ, ಬಾಂಬೆ, ಮದ್ರಾಸ್, ಸಿಲೋನ್ ಜೊತೆಗೆ ಬೆಂಗಳೂರು ಇತ್ತು. ಆಕಾಶವಾಣಿಯ ಬೆಂಗಳೂರು ಕೇಂದ್ರ ಶುರುವಾದದ್ದು 1955ರ ನವೆಂಬರಿನಲ್ಲಿ. ಅದಕ್ಕೂ ಮುಂಚೆ ನಮ್ಮ ಸೀಮೆಗಿದ್ದದ್ದು ಮೈಸೂರು. ಮಹಾರಾಜಾ ಕಾಲೇಜಿನ ಮನಃಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಿಂದಲೇ ಆರಂಭಿಸಿದ ನಿಲಯ ಅದು. ಮೈಸೂರು ಇದ್ದು ಬೆಂಗಳೂರು ಇಲ್ಲದ ಗಾಜು ಯಾರ ಮನೆಯಲ್ಲಾದರೂ ಇದ್ದರೆ ಅದನ್ನು ಜೋಪಾನ ಮಾಡಿ.

ಗಾಜು ಚಾಸಿಸ್ಸಿನದ್ದೇ ಅಥವಾ ಬೇರೆಯದೇ ಎಂದು ನೋಡಲು ನಮ್ಮ ತಂದೆ ಮಾಡುತ್ತಿದ್ದ ಪರೀಕ್ಷೆಯೊಂದಿದೆ. ಸಿಗ್ನಲ್ ಜನರೇಟರ್ ಹಚ್ಚಿ ಮೀಡಿಯಂ ವೇವ್‌ನ ಎರಡೂ ತುದಿಗಳನ್ನು ಟ್ರಿಮ್ಮರು, ಪ್ಯಾಡರು ತಿರುಗಿಸಿ ಕೂರಿಸಬೇಕು. ತುದಿಗಳು ಹೇಗಾದರೂ ಕೂರುತ್ತವೆ. ಆಮೇಲೆ ನಡುಭಾಗ ನೋಡಬೇಕು. 612 ಕಿಲೋಹರ್ಟ್ಜ್ ಕೊಟ್ಟರೆ ಮುಳ್ಳು 490 ಮೀಟರಿನ ಹತ್ತಿರ, 765 ಕೊಟ್ಟರೆ 392ರ ಹತ್ತಿರ ನಿಲ್ಲಬೇಕು. ತುದಿ ಸರಿಯಿದ್ದು ನಡುವೆ ಮುಳ್ಳು ಜಾರಿದರೆ ಗ್ಯಾಂಗ್ ಕಂಡೆನ್ಸರಿಗೂ ಗಾಜಿಗೂ ಹೊಂದಾಣಿಕೆ ಇಲ್ಲವೆಂದೇ ಅರ್ಥ, ಎರಡರಲ್ಲೊಂದು ಹೊರಗಿನಿಂದ ಬಂದದ್ದು. ಇಲ್ಲಿ ಮುಳ್ಳು ಎಲ್ಲೂ ಜಾರಲಿಲ್ಲ. ಅಂದರೆ ಗಾಜು, ಚಾಸಿಸ್ ಎರಡೂ ಒಂದೇ ತಾಯಿಯ ಮಕ್ಕಳು, ಪೆಟ್ಟಿಗೆ ಮಾತ್ರ ಬೇರೆಯದು.

ಚಾಸಿಸ್ಸಿನ ವಯಸ್ಸನ್ನು ವಾಲ್ವುಗಳ ಹೆಸರೇ ಹೇಳಿತು. ಯುರೋಪಿನ ವಾಲ್ವುಗಳ ಹೆಸರಿನಲ್ಲಿ ಮೊದಲ ಅಕ್ಷರ ಹೀಟರಿನದು: ಇ ಎಂದಿದ್ದರೆ 6.3 ವೋಲ್ಟಿನದು, ಯು ಎಂದಿದ್ದರೆ ಹೀಟರುಗಳನ್ನೆಲ್ಲ ಸಾಲಾಗಿ ಪೋಣಿಸುವ 100 ಮಿಲಿಆಂಪಿಯರಿನದು. ಅಂಕಿ ಬುಡದ್ದು. ಮೂವತ್ತರ ಸಾಲಿನವು ಎಂಟು ಪಿನ್ನಿನ ಆಕ್ಟಲ್, ನಲವತ್ತರವು ರಿಮ್‌ಲಾಕ್, ಎಂಬತ್ತರವು ಒಂಬತ್ತು ಪಿನ್ನಿನ ನೋವಲ್. ಈ ಚಾಸಿಸ್ಸಿನಲ್ಲಿ ಇಸಿಎಚ್ 81, ಇಎಫ್ 89, ಇಬಿಸಿ 81, ಹಸಿರು ಕಣ್ಣು ಮಿಟುಕಿಸುವ ಇಎಂ 80 ಇದ್ದವು. ಎಲ್ಲಾ ನೋವಲ್, 1950ರ ದಶಕದ ಕೊನೆಯ ಮಾಮೂಲು ಸಾಲು. ಇಎಫ್ 89ರ ಮೇಲೆ ನಮ್ಮ ಜಾಲಹಳ್ಳಿಯ ಬಿಇಎಲ್ ಮುದ್ರೆ ಇತ್ತು. ಬಿಇಎಲ್ ರೇಡಿಯೊ ವಾಲ್ವು ಮಾಡಲು ತೊಡಗಿದ್ದು 1961ರಲ್ಲಿ, ಹಾಗಾಗಿ ಅದು ನಂತರ ಬಂದು ಕೂತದ್ದು. ಔಟ್‌ಪುಟ್ ಜಾಗದಲ್ಲಿ ಇರಬೇಕಾದದ್ದು ಇಎಲ್ 84. ಅಲ್ಲಿ ಮಾತ್ರ ಆ ತೂತನ್ನು ಅರದಿಂದ ಉಜ್ಜಿ ದೊಡ್ಡದು ಮಾಡಿ, ಎಂಟು ಪಿನ್ನಿನ ಬುಡ ಕೂರಿಸಿ, ಅಮೆರಿಕನ್ ಸಾಲಿನ 6ವಿ6 ನಿಲ್ಲಿಸಿದ್ದರು.

ಇಲ್ಲಿಯೇ ನಾನು ಹೆಚ್ಚು ಹೊತ್ತು ಕುಳಿತೆ. ಚಾಸಿಸ್ ಮಗುಚಿ ನೋಡಿದರೆ ಆ ವಾಲ್ವಿನ ಕ್ಯಾಥೋಡಿಗೆ ಕೆಂಪು, ನೇರಳೆ, ಕಂದು ಪಟ್ಟಿಯ ರೆಸಿಸ್ಟರ್: 270 ಓಮ್. ಇಎಲ್ 84ಕ್ಕಾದರೆ ಅದರ ಅರ್ಧದಷ್ಟು ಸಾಕು. 6ವಿ6ಗೆ ಬಯಸ್ ಹೆಚ್ಚು ಬೇಕು, 250 ವೋಲ್ಟಿನಲ್ಲಿ ಹನ್ನೆರಡೂವರೆ ವೋಲ್ಟು. ಇಎಲ್ 84ಕ್ಕೆ ಏಳರ ಸುಮಾರು. ಬುಡ ಬದಲಿಸಿ, ವಾಲ್ವು ಚುಚ್ಚಿ, ಹಾಡಿತು ಎಂದು ದುಡ್ಡು ಇಸಿದುಕೊಂಡು ಕಳಿಸುವವರು ಆಗಲೂ ಇದ್ದರು. ಈ ಮನುಷ್ಯ ಹಾಗಲ್ಲ, ಲೆಕ್ಕ ಹಾಕಿ ರೆಸಿಸ್ಟರನ್ನೂ ಬದಲಿಸಿದ್ದಾನೆ. ಎರಡೂ ವಾಲ್ವುಗಳು ಬೇಡುವ ಲೋಡು ಐದು ಸಾವಿರ ಓಮಿನ ಆಸುಪಾಸು ಎಂಬುದು ಗೊತ್ತಿದ್ದುದರಿಂದಲೇ ಔಟ್‌ಪುಟ್ ಟ್ರಾನ್ಸ್‌ಫಾರ್ಮರನ್ನು ಮುಟ್ಟಲು ಹೋಗಿಲ್ಲ. ಬೆಸುಗೆ ಇವತ್ತಿಗೂ ಹೊಳೆಯುತ್ತಿತ್ತು. ಪಕ್ಕದಲ್ಲಿ ಪೆನ್ಸಿಲಿನಿಂದ ಸಣ್ಣಗೆ "84 ಸಿಗಲಿಲ್ಲ" ಎಂದು ಕನ್ನಡದಲ್ಲಿ ಬರೆದು ತಾರೀಕು ಹಾಕಿದ್ದ: 14-8-71.

"84 ಸಿಗಲಿಲ್ಲ" ಎನ್ನುವ ಆ ಸಾಲಿನಲ್ಲಿ ನಮ್ಮ ದೇಶದ ರೇಡಿಯೊ ಕಥೆಯ ಮುಕ್ಕಾಲು ಪಾಲಿದೆ. 1957ರ ವಿದೇಶಿ ವಿನಿಮಯದ ಮುಗ್ಗಟ್ಟಿನ ಬಳಿಕ ಆಮದಿನ ಮೇಲೆ ಬಿಗಿ ಹೆಚ್ಚಾಯಿತು. ಹೊರಗಿನ ಬಿಡಿಭಾಗಕ್ಕೆ ಲೈಸೆನ್ಸು ಬೇಕು, ಇಲ್ಲಿನದು ಎಲ್ಲ ಊರಿಗೂ ತಲುಪುತ್ತಿರಲಿಲ್ಲ. ಮೆಕ್ಯಾನಿಕ್ಕುಗಳು ಇದ್ದದ್ದರಲ್ಲೇ ಹೊಂದಿಸುವ ವಿದ್ಯೆ ಕಲಿತರು. ಕೊಳ್ಳಲಾರದವರಿಗೆ ಅಸೆಂಬಲ್ಡ್ ಸೆಟ್ಟು ಮಾಡಿಕೊಟ್ಟರು: ಕಾಯಿಲ್ ಒಬ್ಬರದು, ಟ್ರಾನ್ಸ್‌ಫಾರ್ಮರ್ ಊರಿನಲ್ಲೇ ಸುತ್ತಿದ್ದು, ಪೆಟ್ಟಿಗೆ ಆಚಾರಿಯದು. ಇದ್ದವರ ಮನೆಯಲ್ಲೂ ಅಷ್ಟೇ. ಬೀಟೆಯ ಪೆಟ್ಟಿಗೆ ಮನೆಯ ಮರ್ಯಾದೆ, ಒಳಗಿನ ಯಂತ್ರ ಹಳತಾಯಿತೆಂದು ಅದನ್ನು ಎಸೆಯುತ್ತಾರೆಯೇ? ಹೊಸ ಚಾಸಿಸ್ ತರಿಸಿ ಹಳೆಯ ಪೆಟ್ಟಿಗೆಗೇ ಕೂರಿಸಿ ಎನ್ನುತ್ತಿದ್ದರು. ಈ ಪೆಟ್ಟಿಗೆಯ ಬಿರಡೆ ಬಡಿದ ತೂತುಗಳನ್ನು ನಾನು ಓದಿಕೊಂಡದ್ದು ಹಾಗೆ. ಬಿರಡೆಯ ಕೆಲಸ ಅಷ್ಟು ಅಚ್ಚುಕಟ್ಟಾಗಿತ್ತು, ಮಾರಾಟಕ್ಕೆಂದು ಆತುರದಲ್ಲಿ ಮಾಡಿದ್ದು ಹಾಗಿರುವುದಿಲ್ಲ.

ಹಾಗೆಂದು ಹಳೆಯ ರಿಪೇರಿಯೆಲ್ಲ ಪವಿತ್ರ ಎಂದು ನಾನು ಕೈಮುಗಿಯುವುದಿಲ್ಲ. ಇದೇ ಚಾಸಿಸ್ಸಿನಲ್ಲಿ ಇನ್ನೊಬ್ಬನ ಕೈಯೂ ಆಡಿತ್ತು. ರೆಕ್ಟಿಫೈಯರ್ ವಾಲ್ವು ಇಝಡ್ 80 ಕಿತ್ತು, ಅದರ ಬುಡದ ಕೆಳಗೆ ಎರಡು ಬಿವೈ 127 ಡಯೋಡು ಬೆಸೆದಿದ್ದ. ನಮ್ಮ ಟಿ.ವಿ. ಮೆಕ್ಯಾನಿಕ್ಕುಗಳ ಜೇಬಿನಲ್ಲಿ ಸದಾ ಇರುತ್ತಿದ್ದ ಡಯೋಡದು. ಕೆಲಸವೇನೋ ಮಾಡುತ್ತದೆ. ಆದರೆ ವಾಲ್ವು ನಿಧಾನವಾಗಿ ಬಿಸಿಯಾಗಿ ಹೈ ಟೆನ್ಷನ್ ವೋಲ್ಟೇಜನ್ನು ಮೆಲ್ಲಗೆ ಏರಿಸುತ್ತದೆ, ಡಯೋಡಾದರೆ ಸ್ವಿಚ್ಚು ಒತ್ತಿದ ಕ್ಷಣವೇ ಪೂರ್ತಿ ವೋಲ್ಟೇಜು ಬಂದು ಕಂಡೆನ್ಸರುಗಳ ಮೇಲೆ ಬೀಳುತ್ತದೆ; ಕರೆಂಟು ಎಳೆಯಲು ಉಳಿದ ವಾಲ್ವುಗಳಿನ್ನೂ ಎದ್ದೇ ಇರುವುದಿಲ್ಲ. ನಡುವೆ ಒಂದು ರೆಸಿಸ್ಟರ್ ಹಾಕಿದ್ದರೂ ಆಗುತ್ತಿತ್ತು, ಅದನ್ನೂ ಹಾಕಿರಲಿಲ್ಲ. ಎಲೆಕ್ಟ್ರೊಲಿಟಿಕ್ ಕಂಡೆನ್ಸರ್ ಉಬ್ಬಿ ಒಡೆದಿತ್ತು. ಈ ಡಯೋಡುಗಳನ್ನು ಕಿತ್ತು ಇಝಡ್ 80 ಮತ್ತೆ ನಿಲ್ಲಿಸಿದೆ. 6ವಿ6ಅನ್ನು ಮುಟ್ಟಲಿಲ್ಲ. ಹೊಳೆಯುವ ಬ್ಯಾಡ್ಜನ್ನು ತೆಗೆದು ಹುಡುಗನ ಕೈಗೆ ಕೊಟ್ಟೆ.

ಬೆಂಗಳೂರಿನ ಸಂಗ್ರಾಹಕ ಮಿತ್ರರೊಬ್ಬರಿಗೆ ಇದು ಸರಿಬರಲಿಲ್ಲ. "ಇಎಲ್ 84 ಈಗ ಬೇಕಾದಷ್ಟು ಸಿಗುತ್ತಲ್ಲ, ಕಾರ್ಖಾನೆಯಿಂದ ಬಂದ ಹಾಗೆ ಮಾಡಬಾರದಿತ್ತೇ?" ಎಂದರು. ಅವರ ವಾದಕ್ಕೂ ಜಾಗವಿದೆ. ಪೆಟ್ಟಿಗೆ, ಚಾಸಿಸ್, ಸ್ಪೀಕರು ಮೂರೂ ಒಂದೇ ಮಾದರಿಯವಾಗಿದ್ದು ಎರಡು ಗುಬುಟು, ಒಂದು ವಾಲ್ವು ಮಾತ್ರ ಬೇರೆಯದಿದ್ದರೆ ನಾನೂ ಹುಡುಕಿ ತಂದು ಮೊದಲಿನಂತೆ ಮಾಡುತ್ತೇನೆ. ಮ್ಯೂಸಿಯಮ್ಮಿಗೆ ಹೋಗುವ ಸೆಟ್ಟಾದರೆ ಮಾಡಲೇಬೇಕು. ಆದರೆ ಈ ಸೆಟ್ಟಿನ ವಿಷಯದಲ್ಲಿ ಯಾವ ಕಾರ್ಖಾನೆಗೆ ಮರಳುವುದು? ಪೆಟ್ಟಿಗೆ ಹೊರಟ ಬಾಗಿಲು ಒಂದು, ಚಾಸಿಸ್ ಹೊರಟ ಬಾಗಿಲು ಇನ್ನೊಂದು, ಎರಡೂ ಕೂಡಿದ್ದು ನಮ್ಮ ಮಲೆನಾಡಿನ ಯಾವುದೋ ಪೇಟೆಯ ರಿಪೇರಿ ಬೆಂಚಿನ ಮೇಲೆ. ಇದರ ಒರಿಜಿನಲ್ ಸ್ಥಿತಿ ಎಂದರೆ ಆ ಬೆಂಚಿನಿಂದ ಇಳಿದಾಗಿನ ಸ್ಥಿತಿ.

ಈ ಹವ್ಯಾಸದವರಲ್ಲಿ ಬೆಳೆಯುತ್ತಿರುವ ಇನ್ನೊಂದು ಚಾಳಿಯನ್ನೂ ಹೇಳಿಬಿಡುತ್ತೇನೆ. ಮೇಣದ ಕಾಗದದ ಹಳೆಯ ಕಂಡೆನ್ಸರುಗಳನ್ನು ಬದಲಿಸಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಔಟ್‌ಪುಟ್ ವಾಲ್ವಿನ ಗ್ರಿಡ್ಡಿಗೆ ಹೋಗುವ ಕಂಡೆನ್ಸರ್ ಲೀಕಾದರೆ ಗ್ರಿಡ್ಡು ಪಾಸಿಟಿವ್ ಆಗಿ, ವಾಲ್ವು ಕೆಂಪಗೆ ಕಾದು, ಕೊನೆಗೆ ಔಟ್‌ಪುಟ್ ಟ್ರಾನ್ಸ್‌ಫಾರ್ಮರನ್ನೂ ಸುಟ್ಟುಹಾಕುತ್ತದೆ. ಬದಲಿಸುವಾಗ ಕೆಲವರು ಹಳೆಯ ಕೊಳವೆಯನ್ನು ಕಾಯಿಸಿ, ತಿರುಳು ತೆಗೆದು, ಹೊಸ ಕಂಡೆನ್ಸರನ್ನು ಅದರೊಳಗೆ ತುರುಕಿ ಮೇಲೆ ಮೇಣ ಹುಯ್ಯುತ್ತಾರೆ. ಕೈಚಳಕ ಮೆಚ್ಚಬೇಕಾದ್ದೇ, ಆದರೆ ಒಪ್ಪಲಾರೆ. ನಾಳೆ ಬಿಚ್ಚಿ ನೋಡುವವನು ಅದನ್ನು ಹಳೆಯದೆಂದು ನಂಬಿ ಕಿತ್ತೆಸೆಯುತ್ತಾನೆ, ಅಥವಾ ಹಳೆಯದಾದರೂ ಹಾಡುತ್ತಿದೆಯಲ್ಲ ಎಂದು ಉಳಿದ ಸೆಟ್ಟುಗಳಲ್ಲೂ ಬದಲಿಸದೆ ಬಿಡುತ್ತಾನೆ. ನಾನು ಹಳದಿ ಬಣ್ಣದ ಪಾಲಿಯೆಸ್ಟರ್ ಕಂಡೆನ್ಸರನ್ನು ಎಲ್ಲರಿಗೂ ಕಾಣುವಂತೆ ಬೆಸೆಯುತ್ತೇನೆ. ಕಿತ್ತ ಹಳೆಯವನ್ನು ಒಂದು ಲಕೋಟೆಯಲ್ಲಿ ಹಾಕಿ ಪೆಟ್ಟಿಗೆಯ ಒಳಗೇ ಇಡುತ್ತೇನೆ.

ಇನ್ನು ಬ್ಲೂಟೂತು. ಒಳಗಿರುವುದನ್ನೆಲ್ಲ ಕಿತ್ತು, ಚೀನಾದ ಆಂಪ್ಲಿಫೈಯರ್ ಕೂರಿಸಿ, ಗಾಜಿನ ಹಿಂದೆ ಎಲ್‌ಇಡಿ ಪಟ್ಟಿ ಅಂಟಿಸಿ "ವಿಂಟೇಜ್" ಎಂದು ಮಾರುವ ಅಂಗಡಿಗಳಿವೆ. ಕಿತ್ತ ಚಾಸಿಸ್ ಕೆಜಿ ಲೆಕ್ಕದಲ್ಲಿ ಗುಜರಿಗೆ ಹೋಗುತ್ತದೆ. ಫೋನಿನ ಹಾಡು ಕೇಳುವುದಕ್ಕೆ ಇಷ್ಟು ಹಿಂಸೆ ಬೇಕಿಲ್ಲ. ರೇಡಿಯೊಗ್ರಾಂನಲ್ಲಿ "ಗ್ರಾಂ" ಎಂಬ ಸ್ವಿಚ್ಚಿನ ಸ್ಥಾನವೇ ಇದೆ. ಪಿಕಪ್ಪಿನ ಸದ್ದು ಆ ದಾರಿಯಲ್ಲೇ ಒಳಗೆ ಹೋಗುವುದು. ಫೋನಿನ ಎಡ ಬಲ ಎರಡೂ ದಾರಿಗಳನ್ನು ಒಂದೊಂದು ರೆಸಿಸ್ಟರಿನ ಮೂಲಕ ಕೂಡಿಸಿ, ನಡುವೆ ಪುಟ್ಟ ಐಸೊಲೇಷನ್ ಟ್ರಾನ್ಸ್‌ಫಾರ್ಮರ್ ಇಟ್ಟು ಪಿಕಪ್ಪಿನ ಪಿನ್ನುಗಳಿಗೆ ಕೊಟ್ಟರೆ ಮುಗಿಯಿತು. ಒಂದು ತಂತಿಯನ್ನೂ ಕತ್ತರಿಸುವ ಅಗತ್ಯವಿಲ್ಲ. ಅಕ್ಕನ ಮಗನ ಅತಿಥಿಗಳು ಈಗ ಹಾಗೆಯೇ ಕೇಳುತ್ತಿದ್ದಾರೆ. ಯು ಸಾಲಿನ ವಾಲ್ವುಗಳಿರುವ ಎಸಿ/ಡಿಸಿ ಸೆಟ್ಟಿಗೆ ಮಾತ್ರ ಫೋನನ್ನು ನೇರವಾಗಿ ಎಂದೂ ಸಿಕ್ಕಿಸಬೇಡಿ. ಅದರಲ್ಲಿ ಮೇನ್ಸಿನ ಒಂದು ತಂತಿ ಸೀದಾ ಚಾಸಿಸ್ಸಿಗೇ ಸೇರಿರುತ್ತದೆ, ಪ್ಲಗ್ಗು ತಿರುಗುಮುರುಗಾದರೆ ಪೆಟ್ಟಿಗೆಯೊಳಗಿನ ಲೋಹವೆಲ್ಲ 230 ವೋಲ್ಟು.

ಅಟ್ಟದಿಂದ ಇಳಿಸಿದ ಸೆಟ್ಟನ್ನು ಅಂದೇ ಪ್ಲಗ್ಗಿಗೆ ಸಿಕ್ಕಿಸಿ ನೋಡುವ ಆಸೆಯನ್ನೂ ತಡೆದುಕೊಳ್ಳಿ. ಮೊದಲ ಸಲ ಸೀರೀಸ್ ಬಲ್ಬಿನ ಮೂಲಕವೇ ಕೊಡಬೇಕು. ಬಲ್ಬು ಒಮ್ಮೆ ಉರಿದು ಮಂಕಾದರೆ ಸರಿ, ಜಗ್ಗನೆ ಉರಿಯುತ್ತಲೇ ಇದ್ದರೆ ಒಳಗೆ ಶಾರ್ಟ್ ಇದೆ. ಆಫ್ ಮಾಡಿದ ಮೇಲೂ ಕಂಡೆನ್ಸರಿನಲ್ಲಿ ಇನ್ನೂರೈವತ್ತು ವೋಲ್ಟು ಕೂತಿರಬಹುದು. ಗೊತ್ತಿಲ್ಲದವರು ಒಳಗೆ ಬೆರಳು ಹಾಕಬಾರದು. ಮಲೆನಾಡಿನ ಸೆಟ್ಟುಗಳಿಗೆ ಇನ್ನೊಂದು ಕಾಟವಿದೆ. ಹಳೆಯ ಪಿಕಪ್ಪಿನ ಕ್ರಿಸ್ಟಲ್ ತೇವಕ್ಕೆ ಕರಗಿ ಹಾಳಾಗುವ ವಸ್ತು, ಸಕಲೇಶಪುರದ ಮಳೆಗೆ ಅದು ಉಳಿಯುವುದಿಲ್ಲ. ಸೆರಾಮಿಕ್ ಕಾರ್ಟ್ರಿಜ್ ಹಾಕಿದೆ. ಅದನ್ನೂ ಚೀಟಿಯಲ್ಲಿ ಬರೆದೆ.

ಚೀಟಿ ಎಂದೆನಲ್ಲ, ನಾನು ಹಟ ಹಿಡಿಯುವುದು ಅದೊಂದಕ್ಕೇ. ಪ್ರತಿ ಸೆಟ್ಟಿನ ಒಳಗೆ, ಹಿಂದಿನ ರಟ್ಟಿನ ಬೆನ್ನಿಗೆ, ಒಂದು ಕಾಗದ ಅಂಟಿಸುತ್ತೇನೆ. ಪೆಟ್ಟಿಗೆ ಯಾವ ಕಾಲದ್ದೆಂದು ನನ್ನ ಊಹೆ, ಅದಕ್ಕೆ ಆಧಾರ; ಚಾಸಿಸ್ ಯಾವುದು; ಹಿಂದಿನವರು ಏನು ಬದಲಿಸಿದ್ದರು, ನಾನು ಏನು ಬದಲಿಸಿದೆ, ಏನನ್ನು ಬೇಕೆಂದೇ ಬಿಟ್ಟೆ. 1971ರ ಆ ಪೆನ್ಸಿಲ್ ಬರಹವನ್ನು ಫೋಟೊ ತೆಗೆದು ಅದರ ಪಕ್ಕ ಅಂಟಿಸಿದ್ದೇನೆ. ಹಳೆಯ ವಸ್ತು ಮಾರುವ ಅಂಗಡಿಯವರೂ ಇಷ್ಟನ್ನು ಮಾಡಬಹುದು. ಬಿಲ್ಲಿನಲ್ಲಿ "ಪೆಟ್ಟಿಗೆ ಒಂದರದು, ಯಂತ್ರ ಇನ್ನೊಂದರದು, ಬ್ಯಾಡ್ಜು ಹೊಸದು" ಎಂದು ಬರೆದುಕೊಟ್ಟರೆ ಬೆಲೆ ಕೊಂಚ ಇಳಿಯಬಹುದು, ಇಳಿಯಲಿ.

ಮನೆಯಲ್ಲಿ ಇಂಥ ಪೆಟ್ಟಿಗೆ ಇರುವವರಿಗೆ ಒಂದು ಮಾತು. ಗುಜರಿಯವನನ್ನು ಕರೆಯುವ ಮೊದಲು ಹಿಂದಿನ ರಟ್ಟನ್ನು, ಒಳಗೆ ಅಂಟಿಸಿದ ಕಾಗದವನ್ನು, ಕಪಾಟಿನಲ್ಲಿ ಎಲ್ಲೋ ಇರುವ ಅಂಚೆ ಕಚೇರಿಯ ರೇಡಿಯೊ ಲೈಸೆನ್ಸ್ ಪುಸ್ತಕವನ್ನು ಹುಡುಕಿ ಒಂದೆಡೆ ಇಡಿ. ಅದರಲ್ಲಿ ಅಂಟಿಸಿದ ಸ್ಟಾಂಪುಗಳ ಮೇಲಿನ ಮುದ್ರೆ ನೋಡಿದರೆ ಸೆಟ್ಟು ಯಾವ ವರ್ಷದವರೆಗೆ ನಿಮ್ಮಲ್ಲಿ ಹಾಡಿತ್ತೆಂದು ಗೊತ್ತಾಗುತ್ತದೆ. ನಿಮ್ಮ ಊರಿನಲ್ಲಿ ಆಗ ರೇಡಿಯೊ ರಿಪೇರಿ ಮಾಡುತ್ತಿದ್ದವರು ಯಾರೆಂದು ಮನೆಯ ಹಿರಿಯರನ್ನು ಕೇಳಿ ಅದರಲ್ಲೇ ಬರೆದಿಡಿ. ಕೊಳ್ಳುವವರಿಗೂ ಅಷ್ಟೇ: ದುಡ್ಡು ಎಣಿಸುವ ಮುಂಚೆ ಹಿಂದಿನ ರಟ್ಟನ್ನು ಬಿಚ್ಚಿಸಿ ನೋಡಿ. ಬಿಚ್ಚಲು ಬಿಡದವರಿಂದ ಕೊಳ್ಳಬೇಡಿ.